ಇರುವೆ ಸ್ಟಾಂಪೂ ಅಂಟಿನ ಮಾದಯ್ಯನೂ

ಮಾದಯ್ಯ ಕೈ ಮುಗಿದರೆ ಬಿಡಿಸಿಕೊಳ್ಳಲು ಒಂದು ಗಳಿಗೆ ಬೇಕಾಗುತ್ತಿತ್ತು. ಎರಡೂ ಅಂಗೈ ಕಚ್ಚಿಕೊಂಡು, ಆಮೇಲೆ ‘ಪಟ್’ ಎಂದು ಸಣ್ಣ ಸದ್ದು ಮಾಡಿ ಬೇರೆಯಾಗುತ್ತಿದ್ದವು. ಮೂವತ್ತು ವರ್ಷ ಮರದಿಂದ ಅಂಟು ಬಿಡಿಸಿದ ಕೈ ಅದು. ಗಡ್ಡ ನೀವಿಕೊಂಡರೆ ಎರಡು ಕೂದಲು ಬೆರಳಿಗೆ ಬರುತ್ತಿದ್ದವು. ಬೀಡಿ ಸೇದಿ ಬಿಸಾಕಿದರೆ ಬೀಡಿ ಹೋಗುತ್ತಿರಲಿಲ್ಲ. ಆ ‘ಪಟ್’ ಅನ್ನು ನಾನು ನಾಲಗೆಯನ್ನು ಅಂಗುಳಕ್ಕೆ ಒತ್ತಿ ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಂದು ಸಲ ಮಾದಯ್ಯನೇ ಗಾಬರಿಯಿಂದ ತನ್ನ ಕೈ ನೋಡಿಕೊಂಡಿದ್ದ.

ಕಂಡವರ ದನಿ ಮಾಡುವುದು ನನಗೆ ಹುಟ್ಟಿನಿಂದ ಬಂದ ಚಟ. ದೇವರು ನನಗೆ ಕೊಟ್ಟದ್ದು ಮೊಹರಿನ ಹಿಡಿಯಂಥ ಮೂಗು, ಕೊಕ್ಕರೆಯ ಕಾಲು. ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ನನ್ನ ಸ್ವಂತ ಸಂಪಾದನೆ. ಇಂಥವನನ್ನು ಊರು ಆಡಿಕೊಳ್ಳುವ ಮೊದಲೇ ನಾನು ಊರನ್ನು ಆಡಿಕೊಂಡುಬಿಡುತ್ತಿದ್ದೆ. ಗುಮಾಸ್ತನಾಗಿ ನಾನು ಸೇರಿದ ಅಂಚೆ ಕಚೇರಿ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ನನ್ನ ವಿಳಾಸ ಗೊತ್ತಿದೆ.

ಆಗ ಸ್ಟಾಂಪುಗಳ ಹಿಂದಿನ ಅಂಟು ನಂಬುವ ಹಾಗಿರಲಿಲ್ಲ. ಎಷ್ಟು ನೆಕ್ಕಿದರೂ ಮೂಲೆ ಏಳುತ್ತಿತ್ತು. ಅದಕ್ಕೇ ಕಿಟಕಿಯ ಹತ್ತಿರ ಒಂದು ಕರಟದಲ್ಲಿ ಮಾದಯ್ಯನ ಅಂಟು, ಅದರೊಳಗೆ ತುದಿ ಜಜ್ಜಿದ ಈಚಲು ಕಡ್ಡಿ. ಬೇಸಗೆಯಲ್ಲಿ ಕಾಡಿಗೆ ಹೋಗಿ ದಿಂಡಿಗದ ಮರದ ತೊಗಟೆಯ ಮೇಲೆ ಗುಳ್ಳೆಗುಳ್ಳೆಯಾಗಿ ಒಸರಿದ್ದನ್ನು ಬಿಡಿಸಿ ತಂದು, ವರ್ಷಪೂರ್ತಿ ಆಗುವಷ್ಟು ಕೂಡಿಡುತ್ತಿದ್ದ. ವಾರಕ್ಕೆ ಬೇಕಾದಷ್ಟನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕದಡಿ, ಹಳೇ ಪಂಚೆಯಲ್ಲಿ ಸೋಸಿ, ಹುಳಿಯದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ ತರುತ್ತಿದ್ದ. ಕಾಡಿನ ಗಾರ್ಡು ಅವನನ್ನು ಒಳಗೆ ಬಿಡುತ್ತಿದ್ದದ್ದು ಪೋಸ್ಟ್‌ಮಾಸ್ಟರು ಬರೆದುಕೊಡುವ ‘ಅಂಚೆ ಕೆಲಸಕ್ಕೆ’ ಎಂಬ ಚೀಟಿಯ ಮೇಲೆ. ಚೀಟಿ ಇದ್ದರೆ ಕಾಡು, ಕಾಡಿದ್ದರೆ ಅಂಟು, ಅಂಟಿದ್ದರೆ ಅವನ ಮನೆಯಲ್ಲಿ ಒಲೆ. ಹೊಲ ಗದ್ದೆ ಅಂತ ಬೇರೇನೂ ಇರಲಿಲ್ಲ.

ಅವನಿಗೂ ಪೋಸ್ಟ್‌ಮಾಸ್ಟರಿಗೂ ಇದ್ದ ಒಂದೇ ತಕರಾರು ಇರುವೆ. ಎಷ್ಟು ಸೋಸಿದರೂ ಒಂದೆರಡು ಸತ್ತ ಇರುವೆ ಕರಟದಲ್ಲಿ ತೇಲುತ್ತಿದ್ದವು. ಒಮ್ಮೆ ಮೇಲಿನ ಸಾಹೇಬರಿಗೆ ಹೋದ ಲಕೋಟೆಯಲ್ಲಿ ಸ್ಟಾಂಪಿನ ಕೆಳಗೆ ಉಬ್ಬು ಕಂಡು, ಅವರು ಕಿತ್ತು ನೋಡಿದರಂತೆ, ಇರುವೆ! ಪೋಸ್ಟ್‌ಮಾಸ್ಟರು ಕಣ್ಣು ಅರ್ಧ ಮುಚ್ಚಿ, “ಇನ್ನೊಂದು ಇರುವೆ ಕಂಡ್ರೆ ಚೀಟಿ ಇಲ್ಲ ಕಣಯ್ಯ” ಎಂದರು. ಮಾದಯ್ಯ ನೆಲ ನೋಡುತ್ತ ಹೇಳಿದ:

“ಅದ್ಕೂ ಸಿಹಿ ಆಸೆ ಬುದ್ದಿ. ಬಂದ್ಬುಡ್ತದೆ, ಸಿಕ್ಕಾಕಂಬುಡ್ತದೆ. ನಾ ಕರಿಯಕ್ಕಿಲ್ಲ.”

ಈ ಮಾತನ್ನು ನಾನು ಹೋಟಲಿನಲ್ಲಿ ಅವನ ದನಿಯಲ್ಲೇ ಒಂದು ತಿಂಗಳು ಆಡಿ ನಗಿಸಿದೆ.

ಆ ವರ್ಷ ಬಂಡೀಪುರದ ಬಂಗಲೆಯಲ್ಲಿ ಹುಳು ಹಿಡಿಯುವ ಒಬ್ಬ ಬಿಳಿಯ ದೊರೆ ಬಂದು ಇಳಿದಿದ್ದ. ಅವನಿಗೆ ಯಾವುದೋ ಚಳಿದೇಶದಿಂದ ಕಾಗದಗಳು ಬರುತ್ತಿದ್ದವು. ಒಂದು ದಿನ ಬಂದ ಲಕೋಟೆಯ ಸ್ಟಾಂಪಿನ ಚಿತ್ರದಲ್ಲಿ ಜೇನಿನ ಬಣ್ಣದ ಹನಿ, ಹನಿಯೊಳಗೆ ಮೀಸೆ ಮಡಚಿಕೊಂಡ ಒಂದು ಇರುವೆ. ಹಿಂದೆ ಎರಡು ಚೂಪು ಮರ, ಒಂದು ಅಲೆ. ದೊರೆ ಕಾಗದ ತೆಗೆದುಕೊಳ್ಳಲು ಬಂದಾಗ ಮಾದಯ್ಯ ಕರಟ ತುಂಬಿಸುತ್ತಿದ್ದ. ಆ ಸ್ಟಾಂಪು ನೋಡಿದವನು ಕಡ್ಡಿಯನ್ನು ಅಲ್ಲೇ ಬಿಟ್ಟುಬಿಟ್ಟ.

“ಇದು ನನ್ ಇರುವೆ!”

ದೊರೆ ನಕ್ಕು ಜೇಬಿನಿಂದ ಒಂದು ಹಳದಿ ಮಣಿ ತೆಗೆದ. ಉಣ್ಣೆಯ ತೋಳಿಗೆ ಅದನ್ನು ಗಸಗಸ ಉಜ್ಜಿ, ಸ್ಟಾಂಪಿನ ಹಾಳೆಯಿಂದ ಹರಿದ ಬಿಳಿ ಅಂಚಿನ ಚೂರುಗಳ ಮೇಲೆ ಹಿಡಿದ. ಚೂರುಗಳು ಎದ್ದು ಹಾರಿ ಮಣಿಗೆ ಅಂಟಿಕೊಂಡವು. ದೊರೆ ‘ಆಂಬರ್’ ಅಂದ; ನಮ್ಮ ಹಿರಿಯರು ತೃಣಮಣಿ ಅನ್ನುತ್ತಿದ್ದದ್ದು ಇದನ್ನೇ. ಮಾದಯ್ಯ ಕೈ ಮುಗಿದ. ಆಮೇಲೆ ದೊರೆ ಉದ್ದಕ್ಕೆ ಇಂಗ್ಲಿಷಿನಲ್ಲಿ ಹೇಳಿದ. ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನದು. ದೊರೆಯ ಮೂಗಿನ ದನಿಯಲ್ಲೇ ಶುರುಮಾಡಿದೆ.

“ಕೇಳು ಮಾದಯ್ಯ. ಸಮುದ್ರದ ದಡದಲ್ಲಿ ಕಾಡಿತ್ತಂತೆ. ಮರ ಅಂಟು ಸುರಿಸಿತಂತೆ. ಇರುವೆ ಸಿಕ್ಕಿಹಾಕಿಕೊಂಡಿತಂತೆ. ನೆಲದಡಿ ಇದ್ದೂ ಇದ್ದೂ ಕಲ್ಲಾಯಿತಂತೆ. ಈಗ ಬಿರುಗಾಳಿ ಬೀಸಿದ ಮಾರನೇ ದಿನ ಜನ ಅದನ್ನು ದಡದಲ್ಲಿ ಆಯ್ಕೊಳ್ತಾರಂತೆ, ರಾಣಿಯರು ಕೊರಳಿಗೆ ಹಾಕ್ತಾರಂತೆ. ಇರುವೆ ಇದ್ದರೇ ಅದಕ್ಕೆ ಮರ್ಯಾದೆ ಜಾಸ್ತಿಯಂತೆ.”

ದೊರೆ ಇನ್ನೂ ಒಂದು ಮಾತು ಹೇಳಿದ್ದ. ಆ ಚೂಪು ಮರದ್ದು ರಾಳ, ನೀರಿಗೆ ಜಗ್ಗುವುದಿಲ್ಲ. ನಿಮ್ಮ ದಿಂಡಿಗದ್ದು ಬರೀ ಗೋಂದು, ಅದು ಎಂದಿಗೂ ಕಲ್ಲಾಗುವುದಿಲ್ಲ, ಇದನ್ನು ಅವನಿಗೆ ಮರೆಯದೆ ತಿಳಿಸಿ ಎಂದು. ಅಷ್ಟು ಇಂಗ್ಲಿಷು ನನಗೆ ಅರ್ಥವಾಗಿತ್ತು. ಮಾದಯ್ಯನ ಮುಖ ನೋಡಿದೆ. ಆ ಮುಖ ಮುಂದೆ ಏನೇನು ಆಟ ಆಡುತ್ತದೋ ನೋಡಬೇಕು ಅನ್ನಿಸಿತು. ಆ ಮಾತನ್ನು ನುಂಗಿಬಿಟ್ಟೆ.

ದೊರೆ ಹೋದ ಮೇಲೆ ಮಾದಯ್ಯ ಪಿಸುದನಿಯಲ್ಲಿ ಕೇಳಿದ: “ಎಷ್ಟ್ ದಿಸ ನೆಲ್ದಲ್ಲಿ ಊತಿಕ್ಬೇಕು ಬುದ್ದಿ?”

“ಅಲ್ಲಿ ಕೋಟಿ ವರ್ಷ.”

“ಕೋಟಿಯಾ?”

“ಅದು ಚಳಿದೇಶ ಕಣಯ್ಯ. ಅಲ್ಲಿ ಮಾವಿನಕಾಯೂ ಹಣ್ಣಾಗಲ್ಲ. ನಮ್ಮ ಬಿಸಿಲು ನೋಡು, ಏನಿಟ್ಟರೂ ಬೇಗ ಬಲೀತದೆ. ಒಂದು ಮಳೆಗಾಲ ಸಾಕು.”

ಅವನು ಯೋಚಿಸಿದ. ಬಿಸಿಲಿನ ಲೆಕ್ಕ ಅವನಿಗೆ ಸರಿ ಅನ್ನಿಸಿತು. ಕಿಟಕಿಯ ಆಚೆ ಪೋಸ್ಟ್‌ಮನ್ನು ಚೀಲಕ್ಕೆ ಬಾಯಿ ಒತ್ತಿಕೊಂಡು ನಗುತ್ತಿದ್ದ.

ಆ ಬೇಸಗೆ ಮಾದಯ್ಯ ಕಾಡಿನಿಂದ ತಂದ ಅಂಟು ಕಚೇರಿಗೆ ಬರಲಿಲ್ಲ. ಕಾರಣ ಕೇಳಿಕೊಂಡು ನಾನೇ ಅವನ ಗುಡಿಸಲಿಗೆ ಹೋದೆ. ಹೊಸ ಸರಕು ಬೇಕಿತ್ತಲ್ಲ, ನಗಿಸಲು. ಗಂಡ ಹೆಂಡತಿ ಇಬ್ಬರೂ ಕೂತು, ಮೆತ್ತಗಿರುವ ಅಂಟಿನ ಗಡ್ಡೆಗಳ ಮೇಲೆ ಬೆಲ್ಲದ ಪುಡಿ ಉದುರಿಸಿ ಇರುವೆ ಕರೆಯುತ್ತಿದ್ದರು. ಬಂದು ಕಾಲು ಕಚ್ಚಿಸಿಕೊಂಡ ಇರುವೆಯನ್ನು ಮಾದಯ್ಯ ಕಡ್ಡಿಯಿಂದ ಒಳಕ್ಕೆ ಅದುಮುತ್ತಿದ್ದ. ಇಪ್ಪತ್ತು ವರ್ಷದಿಂದ ಇರುವೆ ಸೋಸಿದ ಹೆಂಡತಿ ಕೆಂಪಮ್ಮ ಈಗ ಬೆಲ್ಲ ಜಜ್ಜಿಕೊಡುತ್ತಿದ್ದಳು.

“ಮೀಸೆ ಮಡಚ್ದಂಗ್ ಇರ್ಬೇಕು ಅಲ್ವಾ ಬುದ್ದಿ, ಆ ಇಸ್ಟಾಂಪಲ್ಲಿದ್ದಂಗೆ?”

“ಹೌದು. ಇದರದ್ದು ಸ್ವಲ್ಪ ನೆಟ್ಟಗಿದೆ ನೋಡು,” ಎಂದೆ.

ಅವನು ಮಡಚಿದ.

ಎಲ್ಲವನ್ನೂ ಗುಡಾಣಕ್ಕೆ ತುಂಬಿ ಹಿತ್ತಲಿನಲ್ಲಿ ಹೂತರು. ಇತ್ತ ಕರಟ ಒಣಗಿತು. ಸ್ಟಾಂಪು ಉದುರಿದ ಲಕೋಟೆಗಳು ದಂಡ ಹಾಕಿಸಿಕೊಂಡು ವಾಪಸು ಬಂದವು. ಪೋಸ್ಟ್‌ಮಾಸ್ಟರು ಮಾದಯ್ಯನನ್ನು ಕರೆಸಿದರು.

“ಅಂಟೆಲ್ಲಯ್ಯ?”

“ಈ ಸಲಿ ಇಲ್ಲ ಬುದ್ದಿ. ಎಲ್ಲಾನೂ ಕಲ್ಲಿಗ್ ಮಡಗಿವ್ನಿ.”

“ಯಾವ ಕಲ್ಲಿಗೆ?”

ಮಾದಯ್ಯ ನನ್ನ ಕಡೆ ನೋಡಿದ. ನಾನು ಕಾಗದ ವಿಂಗಡಿಸುತ್ತಿದ್ದೆ. ಬಹಳ ಶ್ರದ್ಧೆಯಿಂದ ವಿಂಗಡಿಸಿದೆ. ಪೋಸ್ಟ್‌ಮಾಸ್ಟರು ಮೈಸೂರಿಗೆ ಬರೆದು ಸೀಸೆಯ ಗೋಂದು ತರಿಸಿದರು. ಅದರಲ್ಲಿ ಇರುವೆ ಇರಲಿಲ್ಲ. ಮಾದಯ್ಯನ ಚೀಟಿ ಮುಗಿದಾಗ ಹೊಸದು ಬರೆಯಲಿಲ್ಲ. ಗಾರ್ಡು ಅವನನ್ನು ಕಾಡಿನ ಬಾಯಲ್ಲೇ ತಡೆದು ಕಳಿಸಿದ.

ಗೌರಿ ಹಬ್ಬ ಕಳೆದು ಮಳೆ ಚೆನ್ನಾಗಿ ಹುಯ್ದ ಮೇಲೆ, ಒಂದು ಸೋಮವಾರ ಅವನು ಗುಡಾಣ ತಲೆಯ ಮೇಲಿಟ್ಟುಕೊಂಡು ಕಚೇರಿಯ ಜಗುಲಿಗೆ ಬಂದ. ಮನಿಯಾರ್ಡರಿಗೆ ಬಂದ ಜನ ತುಂಬಿದ್ದರು. ಇಳಿಸಿ ಮುಚ್ಚಳ ತೆಗೆದ. ಒಳಗೆ ಕಂದು ನೀರು, ಹುಳಿ ವಾಸನೆ. ಮೇಲೆ ಪದರವಾಗಿ ಇರುವೆಗಳು. ಕೆಲವದರ ಮೀಸೆ ಇನ್ನೂ ಮಡಚಿಯೇ ಇತ್ತು.

“ಬುದ್ದಿ, ಈ ವರ್ಸದ್ ಬಿಸ್ಲು ಸಾಲ್ದು ಅನ್ಸ್ತದೆ. ಇನ್ನೊಂದ್ ಮಳೆಗಾಲ ಮಡಗ್ಲಾ?”

ಜಗುಲಿಯೆಲ್ಲ ಒಂದೇ ಸಲ ನಕ್ಕಿತು. ಪೋಸ್ಟ್‌ಮಾಸ್ಟರು ಕೂಡ ಕಣ್ಣು ಪೂರಾ ತೆರೆದು ನಕ್ಕರು. ಅಂದು ನುಂಗಿದ ಮಾತನ್ನು ಕಕ್ಕಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಅಂಥ ಸಭೆ ನನಗೆ ಎಂದೂ ಸಿಕ್ಕಿರಲಿಲ್ಲ.

“ಮಡಗು ಮಾದಯ್ಯ. ಆದರೆ ಗುಡಾಣದ ಬಾಯಿ ತೆಗೆದು ಗಾಳಿ ಆಡಿಸಿದೆಯಲ್ಲ, ಮೊದಲಿಂದ ಎಣಿಸಬೇಕು,” ಎಂದೆ.

ಮತ್ತೂ ನಕ್ಕರು. ಅವನು ಮುಚ್ಚಳ ಹಾಕಿ, ಗುಡಾಣ ಎತ್ತಿಕೊಂಡು ಹೋದ.

ಮಾರನೇ ದಿನ ಕೆಂಪಮ್ಮ ಕಿಟಕಿಗೆ ಬಂದಳು.

“ಸ್ವಾಮಿ, ಆ ದೊರೆ ಆಡಿದ್ದು ಇಷ್ಟುದ್ದ, ನೀವ್ ಯೋಳಿದ್ದು ಇಷ್ಟೇಯ ಅಂತೆ. ಮಿಕ್ಕಿದ್ದು ಎಲ್ಲೋಯ್ತು?”

“ಇಂಗ್ಲಿಷಿನಲ್ಲಿ ಮಾತು ಉದ್ದ ಕಣಮ್ಮ. ಕನ್ನಡಕ್ಕೆ ಬಂದರೆ ಗಿಡ್ಡವಾಗ್ತದೆ.”

ಅವಳು ಕಿಟಕಿಯ ಹತ್ತಿರ ಒಣಗಿದ್ದ ಕರಟವನ್ನು ಎತ್ತಿಕೊಂಡು ಹೋದಳು. ಆ ವಾರವೇ ಗುಡಿಸಲಿಗೆ ಬೀಗ ಬಿತ್ತು. ಚಂದಕವಾಡಿಯ ಕಡೆ ಅವಳ ತಮ್ಮನಿದ್ದಾನೆ ಎಂದರು, ಯಾರೋ.

ಮಾದಯ್ಯನನ್ನು ಮತ್ತೆ ಕಂಡದ್ದು ಹೋದ ವರ್ಷ. ನನಗೆ ಕೊಳ್ಳೇಗಾಲದ ಕಡೆಗೆ ವರ್ಗವಾಗಿ, ಟ್ರಂಕಿನೊಂದಿಗೆ ಸಂತೆಮರಹಳ್ಳಿಯಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಸಂತೆಯ ದಿನ. ತಲೆಗೆ ಸಿಂಬಿ ಸುತ್ತಿದ ಒಬ್ಬ ಕೂಲಿ ಓಡಿಬಂದು ಟ್ರಂಕಿಗೆ ಕೈ ಹಾಕಿದ. ಮುಖ ಎತ್ತಿದಾಗ ಗೊತ್ತಾಯಿತು. ತೀರಾ ಸೊರಗಿದ್ದ.

“ಚೆಂದಾಗಿದ್ದೀರಾ ಬುದ್ದಿ?”

ಟ್ರಂಕು ಹೊತ್ತು ಬಸ್ಸಿನ ಏಣಿ ಹತ್ತಿ, ಮೇಲೆ ಕಟ್ಟಿ ಇಳಿದ. ಕೆಂಪಮ್ಮನ ಬಗ್ಗೆ ಕೇಳಿದೆ. “ಓದ ಮಾಗೀಲಿ ತೀರೋಗ್ಬುಟ್ಲು” ಎಂದು, ಹಗ್ಗದ ಗಂಟು ಸರಿಯಿದೆಯೇ ಎಂದು ಮೇಲಕ್ಕೆ ನೋಡಿದ. ಸುತ್ತ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಹೇಳಿಯೇಬಿಟ್ಟೆ.

“ಮಾದಯ್ಯ, ಅವತ್ತು ದೊರೆ ಇನ್ನೊಂದು ಮಾತು ಹೇಳಿದ್ದ. ನಿನ್ನ ಅಂಟು ನೀರಿಗೆ ಕರಗ್ತದೆ, ಕಲ್ಲಾಗಲ್ಲ ಅಂತ. ನಾನು ನಿನಗೆ ಹೇಳಲಿಲ್ಲ.”

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಅಂಟು ಕರಗ್ತದೆ ಅಂತ ನಂಗ್ ಗೊತ್ತಿಲ್ವಾ ಬುದ್ದಿ? ಮೂವತ್ ವರ್ಸ ಅದ್ನ ಕರಗ್ಸೇ ಅಲ್ವಾ ನಾ ನಿಮಗ್ ತಂದ್ಕೊಡ್ತಿದ್ದುದ್ದು?”

“ಮತ್ತೆ ಯಾಕಯ್ಯ ಹೂತೆ?”

“ನೀವ್ ಯೋಳಿದ್ರಲ್ಲ. ಓದ್ದೋರು.”

ಕಂಡಕ್ಟರು ಸೀಟಿ ಊದಿದ. “ಅತ್ಕಳಿ ಬುದ್ದಿ, ಬುಟ್ಬುಡ್ತಾನೆ” ಎಂದು ನನ್ನ ಬೆನ್ನಿಗೆ ಕೈಕೊಟ್ಟು ಹತ್ತಿಸಿ, ಅವನು ಮುಂದಿನ ಬಸ್ಸಿನ ಕಡೆ ಓಡಿದ.

ಪಕ್ಕದಲ್ಲಿ ಕೂತ ದಪ್ಪನೆಯ ಯಜಮಾನರು, “ಯಾರಪ್ಪ ಅದು, ಕೂಲಿಯವನ ಹತ್ರ ಅಷ್ಟೊಂದು ಮಾತು?” ಎಂದರು. ಹೇಳಲು ಬಾಯಿ ತೆರೆದೆ. ಬಂದದ್ದು ಮಾದಯ್ಯನ ದನಿ. ಇರುವೆಯಿಂದ ಶುರುಮಾಡಿ, ಗುಡಾಣ, ಬಿಸಿಲು, “ಓದ್ದೋರು” ತನಕ ಒಂದೂ ಬಿಡದೆ ಮಾಡಿದೆ. ಯಳಂದೂರು ಬರುವಷ್ಟರಲ್ಲಿ ಅರ್ಧ ಬಸ್ಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.