ಮಾತ್ರೆಗೆ ನಾಲ್ಕು ಸಾಕ್ಷಿ

ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಹಡಗಿಗೆ ಬಣ್ಣ ಬಳಿಯುತ್ತಿದ್ದಾಗ ನನಗೆ ಕ್ಷಯ ಅಂತ ಗೊತ್ತಾಯಿತು. ಔಷಧಿ ದೇಶದ ಯಾವ ಮೂಲೆಯಲ್ಲಾದರೂ ಪುಕ್ಕಟೆ ಸಿಗುತ್ತದೆ ಅಂತ ಸಹಾಯವಾಣಿಯವರು ಹೇಳಿದ್ದರು. ಆದರೆ ಆರೋಗ್ಯ ಕೇಂದ್ರದ ದೀದಿ ಮಾತ್ರೆ ಕೊಡದೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ಆರು ತಿಂಗಳು ಎಲ್ಲಿರ್ತೀರಿ?"

"ಹೇಳೋಕಾಗಲ್ಲ ದೀದಿ. ಯಾವ ಊರಲ್ಲೂ ಮೂರು ತಿಂಗಳ ಮೇಲೆ ನಿಂತವನಲ್ಲ."

"ನಡುವೆ ಬಿಟ್ಟರೆ ಆಮೇಲೆ ರೋಗ ಈ ಮಾತ್ರೆಗೂ ಬಗ್ಗಲ್ಲ, ನೀವೂ ಉಳಿಯಲ್ಲ. ದಿನಾ ನುಂಗೋದನ್ನ ನೋಡೋಕೆ ಯಾರಿದಾರೆ?"

ಯಾರೂ ಇರಲಿಲ್ಲ. ದೀದಿ ನನ್ನನ್ನು ನಮ್ಮ ಓಣಿಯಲ್ಲಿ ದುರ್ಗಾಪೂಜೆ ನಡೆಸುವ ಕ್ಲಬ್ಬಿಗೆ ಕರೆದುಕೊಂಡು ಹೋದರು. ನಾಲ್ವರು ಕೇರಂ ಆಡುತ್ತಿದ್ದರು. ವಿಷಯ ಕೇಳಿ ಅವರಲ್ಲೊಬ್ಬ, ಕ್ಲಬ್ಬಿನ ಕಾರ್ಯದರ್ಶಿ, ಬೋರ್ಡಿನಿಂದ ತಲೆಯೆತ್ತದೆ ಅಂದ, "ದುರ್ಗಾಪೂಜೆಗೆ ಪೆಂಡಾಲಿಗೆ ಬಣ್ಣ ಬಳೀತಾನಾ?"

"ಬಳೀತಾನೆ," ಅಂದರು ದೀದಿ. ನನ್ನನ್ನು ಕೇಳಲಿಲ್ಲ.

"ಹಾಗಾದ್ರೆ ಮಾತ್ರೆ ಇಲ್ಲೇ ಇರ್ಲಿ, ದಿನಾ ಬಂದು ನುಂಗ್ಲಿ ಬಿಡಿ."

ಮರುದಿನದಿಂದ ನಾನು ಹೋದಾಗೆಲ್ಲ ಆಟ ನಿಲ್ಲುತ್ತಿತ್ತು. ನಾಲ್ವರೂ ನನ್ನ ಗಂಟಲನ್ನೇ ನೋಡುತ್ತಿದ್ದರು, ಕಾರ್ಯದರ್ಶಿ ದೀದಿ ಕೊಟ್ಟ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದ. ಒಂದು ದಿನ ಹೋಗಲಿಲ್ಲ; ನಾಲ್ವರೂ ಮಾತ್ರೆ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿದ್ದರು.

ಆರು ತಿಂಗಳಿಗೆ ಗುಣವಾಯಿತು. ಪೆಂಡಾಲಿಗೂ ಬಣ್ಣವಾಯಿತು. ಶಾಲೆಯಲ್ಲಿ ಹೀಗೆ ಹಾಜರಿ ಹಾಕುವವರಿದ್ದಿದ್ದರೆ ಏಳನೇ ಕ್ಲಾಸು ದಾಟುತ್ತಿದ್ದೆನೋ ಏನೋ.