ಲಕ್ಕಯ್ಯನ ಬಿಗಿಗಂಟು

ಒಂದು ಗಂಟು ಹಿಂಗೂ ಮಾಡ್ತದೆ ಅಂತ ಯಾರಿಗೆ ಗೊತ್ತಿತ್ತು!

ನಾನು ಜಯಲಕ್ಷ್ಮಮ್ಮ, ಹಳ್ಳಿಮೈಸೂರಿನ ಹತ್ರ ನಮ್ಮದೊಂದು ಹೊಗೆಸೊಪ್ಪು ಬೇಯಿಸೋ, ಅಂದ್ರೆ ಕಾವಲ್ಲಿ ಒಣಗಿಸೋ, ಬ್ಯಾರನ್ ಮನೆ ಇದೆ. ಬಾಯಿ ಜೋರು ಅಂತಾರೆ, ಅನ್ಲಿ. ಲಕ್ಕಯ್ಯ ನಮ್ಮಲ್ಲಿ ಸೊಪ್ಪು ಕಟ್ಟೋನು. "ಗಂಡ್ಸಾಗಿ ಹೆಂಗಸ್ರ ಜೊತೆ ಕೂತು ಕಟ್ತಾನಲ್ಲ" ಅಂತ ಸಂತೇಲಿ ಅವನನ್ನ ಆಡ್ಕೊಳ್ಳೋರಿದ್ರು. ಅವರ ಬಾಯಿಗೆ ಮಣ್ಣು ಹಾಕ! ಹಸಿ ಎಲೇನ ದಾರದಲ್ಲಿ ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ನೇತಾಕ್ಬೇಕು. ಕಾವಿಗೆ ಎಲೆ ಒಣಗಿ ಸಣ್ಣಗಾದ್ರೂ ಉದುರಬಾರದು. ಲಕ್ಕಯ್ಯನ ಗಂಟು ಎಳೆದಷ್ಟೂ ಬಿಗಿಯಾಗ್ತದೆ. ನಮ್ಮತ್ತೆ ಕಾಲದಿಂದ ನಲವತ್ತು ವರ್ಷ, ಅವನು ಕಟ್ಟಿದ ಒಂದೆಲೆ ಕೆಳಗೆ ಬಿದ್ದದ್ದು ನಾನು ಕಾಣೆ.

ಅವನಿಗೆ ಬಕಪಕ್ಷಿ ಹುಚ್ಚು. ಬ್ಯಾರನ್ ಪಕ್ಕದ ಹುಣಸೆಮರದಲ್ಲಿ ಮುಂಗಾರಿಗೆ ಅವು ಗೂಡು ಕಟ್ತವೆ. ವರ್ಷವೆಲ್ಲಾ ಕೆಸರು ಬಣ್ಣದ ಹಕ್ಕಿ, ಆಗ ಮಾತ್ರ ಬೆನ್ನು ಕಾಚಿನಂಗೆ ಕೆಂಪಗಾಗಿ ಮದುವಣಿಗ ಆಗಿಬಿಡ್ತದೆ. ಲಕ್ಕಯ್ಯನಿಗೆ ಮಕ್ಕಳಿಲ್ಲ, ಹೆಂಡ್ತಿ ತೀರ್ಕೊಂಡು ಆರು ವರ್ಷ. ಮುದ್ದೆ ಉಂಡು ಕತ್ತೆತ್ತಿ ಕೂತ್ರೆ ನಾನು ಕೂಗಿದ್ರೂ ಕೇಳ್ತಿರ್ಲಿಲ್ಲ.

"ನೋಡ್ರವ್ವಾ, ಗಂಡು ಕತ್ತು ನೀಡಿ ಕರೀತಾನೆ. ಅವ್ಳು ಬಂದ್ರೆ ಕುಕ್ಕಿ ಓಡಿಸ್ತಾನೆ. ಅವ್ಳು ಬಿಡಾಕಿಲ್ಲ, ಮತ್ತೆ ಬತ್ತಾಳೆ. ಒಪ್ಕೊಂಡ್ಮ್ಯಾಲೆ ಕಡ್ಡಿ ತರೋದು ಅವ್ನು, ಜೋಡಿಸೋದು ಅವ್ಳು."

"ನಮ್ಮೆಜಮಾನ್ರು ಉಂಡ ತಟ್ಟೇನೂ ಎತ್ತಿಡಲ್ಲ, ಅವರಿಗೆ ಹೇಳಪ್ಪ ಇದನ್ನ" ಅಂದೆ.

ಈ ವರ್ಷ ಬೇಲಿಗಿಡ ಸವರಿ ಸುಟ್ಟು ತಂತಿ ಎಳೆದುಬಿಟ್ಟಿದ್ವಿ. ತಡವಾಗಿ ಬಂದ ಒಂದು ಜೋಡಿಗೆ ಕಡ್ಡೀನೇ ಸಿಗ್ಲಿಲ್ಲ. ಗಂಡು ಬರಿಗೊಕ್ಕಲ್ಲಿ ಬಂದ್ರೆ ಹೆಣ್ಣು ಮುಖ ತಿರುಗಿಸೋದು. ಲಕ್ಕಯ್ಯನಿಗೆ ಅನ್ನ ಸೇರ್ಲಿಲ್ಲ. ಪುಳ್ಳೆಕಡ್ಡಿ ಮುರಿದು ತಂತಿಬೇಲಿ ಮೇಲಿಟ್ಟ, ಗಾಳಿಗೆ ಹಾರೋದ್ವು. ಮತ್ತಿಟ್ಟ, ಮತ್ತೆ ಹಾರೋದ್ವು. ನೋಡಿ ನೋಡಿ ನಂಗೆ ರೇಗಿಹೋಯ್ತು.

"ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ಸೊಪ್ಪು ಕಟ್ಟೋ ದಾರ ಇಲ್ವಾ? ಕಟ್ಟಾಕಯ್ಯಾ!"

ಕಡ್ಡೀನ ತಂತಿಗೆ ಕಟ್ಟಿದ. ಗಂಡು ದಾರದ ಸಮೇತ ಕಿತ್ಕೊಂಡು ಹೋಯ್ತು. ಗೂಡಾಯ್ತು, ಮೂರು ಮರಿ ಆದ್ವು. "ನಮ್ಮನೇಲಿ ತೊಟ್ಲು ಕಟ್ಲಿಲ್ಲ ಕಣವ್ವ, ಇದೇ ನಂಗೆ" ಅಂತ ಲಕ್ಕಯ್ಯ ಅಚ್ಚು ಬೆಲ್ಲ ತಂದುಕೊಟ್ಟ.

ಆಷಾಢದಲ್ಲಿ ಒಂದು ಬೆಳಿಗ್ಗೆ ಮೊದಲ ಸೊಪ್ಪು ಕಟ್ತಾ ಕೂತಿದ್ವಿ. ಲಕ್ಕಯ್ಯ ಕಿಟಾರನೆ ಕಿರುಚ್ದ. ಮೇಲೆ ನೋಡ್ತೀನಿ, ಶಿವ ಶಿವಾ! ಮರಿಯೊಂದು ಕಾಲಿಗೆ ದಾರ ಸುತ್ಕೊಂಡು ಗೂಡಿನಿಂದ ತಲೆಕೆಳಗಾಗಿ ನೇತಾಡ್ತಿದೆ. ಒದ್ದಾಡಿದಷ್ಟೂ ದಾರ ಬಿಗೀತಿದೆ. ಅರವತ್ತು ದಾಟಿದ ಮುದುಕ ಸರಸರ ಮರ ಹತ್ತಿದ. "ಬಿದ್ದು ಸಾಯ್ತೀಯ, ಇಳಿಯೋ!" ಅಂತ ಬಾಯಿ ಬಡ್ಕೊಂಡೆ. ಹಲ್ಲಲ್ಲೇ ದಾರ ಕಡಿದ. ಗೂಡಲ್ಲಿದ್ದ ಇನ್ನೊಂದರ ಕಾಲಿಗೂ ಅದೇ ಗಂಟು. ಅದನ್ನೂ ಕಡಿದ, ಅದು ಬದುಕ್ತು. ನೇತಾಡ್ತಿದ್ದ ಮರೀನ ಅಂಗಿಯೊಳಗಿಟ್ಟು ಕೆಳಗಿಳಿಸಿದ, ಅಷ್ಟೊತ್ತಿಗೆ ಅದು ಸತ್ತಿತ್ತು.

ದಾರ ಕಾಲಿನ ಮೂಳೆ ತನಕ ಇಳಿದಿತ್ತು.

"ಕಟ್ಟು ಅಂದೋಳು ನಾನೇ ಅಲ್ವೇನಯ್ಯಾ" ಅಂದೆ.

"ಬಿಚ್ಕಳೋ ಗಂಟು ಆಕ್ಬೇಕಿತ್ತು ಕಣವ್ವ. ನಂಗೆ ಇದೊಂದೇ ಬರೋದು" ಅಂದ.

ಮಾರನೇ ದಿನ ಕೆಲಸಕ್ಕೆ ಬಂದ. ಎಲೆಗೆ ದಾರ ಸುತ್ತಿದ, ಆದ್ರೆ ಗಂಟು ಎಳೆದು ಬಿಗೀಲಿಲ್ಲ. ಬೈಯೋಣ ಅಂತ ಬಾಯಿ ತೆಗೆದೋಳು, ಆ ಕಡ್ಡೀನೂ ಒಳಗೆ ನೇತಾಕ್ಸಿದೆ. ವಾರ ಕಳೆದು ಬ್ಯಾರನ್ ಬಾಗಿಲು ತೆಗೆದ್ರೆ ಅವನು ಕಟ್ಟಿದ ಸೊಪ್ಪೆಲ್ಲ ನೆಲದ ಮೇಲೆ ಬಿದ್ದಿತ್ತು. ಯಾರೂ ನೋಡೋ ಮೊದಲು ನಾನೇ ಪೊರಕೆ ತಗೊಂಡು ಗುಡಿಸಿದೆ.