ಗುಡಿ ಸಿಕ್ಕಿದಲ್ಲೆಲ್ಲ ಕಾಲು ತೆಗೆದ ರತೀಶ

ಕೋಡಿಯಲ್ಲಿ ರೇಸ್ ಡ್ರೈವರ್ ರತೀಶನ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಮೀನಿನ ಗಾಡಿ ಬಚ್ಚನ ಮಗ ಎಂದು ಕೇಳಿದರೆ ಗೇಟಿನವರೆಗೆ ಬಂದು ಬಿಟ್ಟು ಹೋಗುತ್ತಾರೆ. ದೇಶದಲ್ಲಿ ಇರುವಷ್ಟು ಬಗೆಯ ರೇಸುಗಳಲ್ಲಿ ಕಾರು ಓಡಿಸಿದವನು ಅವನು. ಗೆದ್ದ ಕಪ್ಪುಗಳು ಶೋಕೇಸಿನಲ್ಲಿ ಹಿಡಿಯದೆ, ಒಂದರಲ್ಲಿ ಅವನಮ್ಮ ಒಣಮೆಣಸು ತುಂಬಿಸಿಟ್ಟಿದ್ದಾಳೆ. ಆದರೂ ಊರವರು ಎದುರು ಸಿಕ್ಕಿದರೆ ಕೇಳುವುದು, "ಈಗ ಗಾಡಿ ಯಾರ್ ಓಡ್ಸುದಾ?" ಎಂದು. ಗಾಡಿ ಎಂದರೆ ಮೀನಿನದು.

ನಾನು ಅವನ ದೊಡ್ಡಮ್ಮನ ಮಗ ಅನೂಪ. ಹೆಮ್ಮಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದೇನೆ. ಪತ್ರಿಕೆಯೊಂದು ಅವನ ಬಗ್ಗೆ ಬರೆಯುವಾಗ 'ಹುಟ್ಟು ಪ್ರತಿಭೆ' ಎಂದು ಹಾಕಿತ್ತು. ಅದು ಶುದ್ಧ ಸುಳ್ಳು. ಅವನಿಗೆ ವೇಗ ಕಲಿಸಿದ್ದು ಐಸ್. ಬಚ್ಚ ಚಿಕ್ಕಪ್ಪ ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದ. ಐಸ್ ಕರಗುವ ಮೊದಲು ಮುಟ್ಟಬೇಕು, ಅಷ್ಟೇ. ಶಾಲೆಗೆ ರಜೆ ಇದ್ದಾಗ ರತೀಶ ಪಕ್ಕದ ಸೀಟಿನಲ್ಲಿ ಕುಳಿತು ಇದನ್ನೆಲ್ಲ ನೋಡಿದ.

ಅಷ್ಟು ಅವಸರದ ಮನುಷ್ಯನಾದರೂ ಚಿಕ್ಕಪ್ಪನಿಗೆ ಒಂದು ಅಭ್ಯಾಸ ಇತ್ತು. ಕೋಡಿ ರಸ್ತೆಯಲ್ಲಿ ಮೀನುಗಾರರ ದೈವ ಬೊಬ್ಬರ್ಯನ ಗುಡಿ ಬಂತೆಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬಲಗೈಯನ್ನು ಹಣೆಗೂ ಎದೆಗೂ ಮುಟ್ಟಿಸಿ, ಮತ್ತೆ ಕಾಲಿಡುವುದು. ನಮ್ಮ ಕಡೆಯ ಚಾಲಕರಲ್ಲಿ ಇದೇನೂ ಹೊಸತಲ್ಲ. ಕೆಲವರು ಹಾರ್ನ್ ಹೊಡೆಯುತ್ತಾರೆ, ಕೆಲವರು ಕಿಟಕಿಯಿಂದ ಚಿಲ್ಲರೆ ಎಸೆಯುತ್ತಾರೆ. ರತೀಶ ಆಕ್ಸಿಲರೇಟರ್ ಒತ್ತುವುದನ್ನು ಕಲಿಯುವ ಮೊದಲೇ ಅದರಿಂದ ಕಾಲು ತೆಗೆಯುವುದನ್ನು ಕಲಿತಿದ್ದ. ಚಿಕ್ಕಪ್ಪ ತೀರಿಕೊಂಡ ಮೇಲೆ ಗಾಡಿಯ ಜೊತೆಗೆ ಅಭ್ಯಾಸವೂ ಅವನ ಪಾಲಿಗೆ ಬಂತು. ಅವನು ಅದನ್ನು ಕಂಡ ಗುಡಿಗೆಲ್ಲ ಹಬ್ಬಿಸಿದ.

ಅವನ ಮೊದಲ ರೇಸು ನಡೆದದ್ದು ಹೆಮ್ಮಾಡಿಯಲ್ಲಿ, ಕೊಯ್ಲಾದ ಗದ್ದೆಯಲ್ಲಿ. ಯಾರದೋ ಹಳೆಯ ಮಾರುತಿ ಕಾರು ಕೇಳಿ ತಂದು ಓಡಿಸಿ ಗೆದ್ದ. ಆಳೆತ್ತರದ ಕಪ್ಪು, ಒಂದು ಬಾಳೆಗೊನೆ ಸಿಕ್ಕಿತು. ಕಾರಿನ ಯಜಮಾನನಿಗೆ ಬಾಳೆಗೊನೆ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಅನಂತರ ರ‍್ಯಾಲಿ. ಕಾಡಿನ ಮಣ್ಣು ರಸ್ತೆಯಲ್ಲಿ ಒಬ್ಬ ಓಡಿಸಬೇಕು, ಪಕ್ಕದವನು ಮುಂದಿನ ತಿರುವುಗಳನ್ನು ಓದಿ ಹೇಳಬೇಕು. ಓದುವವನು ನಾನು. ಬೇರೆಯವರು ತಿರುವುಗಳನ್ನು ಮಾತ್ರ ಬರೆದುಕೊಳ್ಳುತ್ತಿದ್ದರು. ನಾನು ಗುಡಿಗಳನ್ನೂ ಬರೆದುಕೊಳ್ಳಬೇಕಿತ್ತು, ಇಲ್ಲದಿದ್ದರೆ ಅವನು ಯಾವಾಗ ಕಾಲು ತೆಗೆಯುತ್ತಾನೆಂದು ನನಗೇ ಗೊತ್ತಾಗುತ್ತಿರಲಿಲ್ಲ. "ಬಲಕ್ಕೆ ಕಡಿದು, ಗುಡಿ, ಎಡಕ್ಕೆ ಸಣ್ಣದು" ಎಂದು ನನ್ನ ಪುಸ್ತಕದಲ್ಲಿ ಇದ್ದದ್ದನ್ನು ನೋಡಿ ಉಳಿದವರು ನಕ್ಕರು. ಆದರೆ ಕಾಡಿನಲ್ಲಿ ಜನ ಗುಡಿ ಕಟ್ಟುವುದು ಹೆಚ್ಚಾಗಿ ಗಾಡಿಗಳು ಬೀಳುವ ಜಾಗದಲ್ಲಿ. ನಕ್ಕವರಲ್ಲಿ ಕೆಲವರ ಕಾರನ್ನು ಕ್ರೇನ್ ಎತ್ತಿ ತಂದಿತು, ನಾವು ಕಪ್ಪು ತಂದೆವು. ಪ್ರತಿ ರ‍್ಯಾಲಿಯಲ್ಲೂ ವಾಂತಿ ಮಾಡಿಕೊಂಡು ಸಾಕಾಗಿ ಕೊನೆಗೆ ಆ ಕೆಲಸ ಬಿಟ್ಟೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಸೀಟು ತೊಳೆದು ಬೇರೆಯವನನ್ನು ಕೂರಿಸಿಕೊಂಡ.

ಒಂದು ವರ್ಷ ಫಾರ್ಮುಲಾ ಕಾರನ್ನೂ ಓಡಿಸಿದ. ಒಬ್ಬನೇ ಮಲಗಿದ ಹಾಗೆ ಕೂರುವ, ಚಕ್ರಗಳೆಲ್ಲ ಹೊರಗಿರುವ ಕಾರು. ಒಳಗೆ ಹೋಗುವುದು ಹೇಗೋ ಆಗುತ್ತಿತ್ತು, ಹೊರಗೆ ತೆಗೆಯಲು ಇಬ್ಬರು ಬೇಕಿತ್ತು. ಮೀನು ತಿಂದು ಬೆಳೆದ ಮೈ. ಅದು ಅವನಿಗೆ ಹೇಳಿ ಮಾಡಿಸಿದ್ದಲ್ಲ ಎಂದು ಎಲ್ಲರಿಗಿಂತ ಮೊದಲು ಅವನಿಗೇ ತಿಳಿಯಿತು.

ಆಮೇಲೆ ಒಂದು ಕಂಪನಿಯ ತಂಡ ಅವನನ್ನು ಸಂಬಳಕ್ಕೆ ಇಟ್ಟುಕೊಂಡಿತು. ರಸ್ತೆಯಲ್ಲಿ ಓಡುವಂಥದ್ದೇ ಕಾರುಗಳನ್ನು ಹುರಿಗೊಳಿಸಿ ಟ್ರ್ಯಾಕಿನಲ್ಲಿ ಓಡಿಸುವ ಸರಣಿ ಅದು. ತಂಡದಲ್ಲಿ ಇನ್ನೊಬ್ಬ ಚಾಲಕ ಪ್ರಖ್ಯಾತ್, ರತೀಶನಿಗಿಂತ ತುಂಬ ಚಿಕ್ಕವನು. ಇಬ್ಬರೂ ಚೆನ್ನಾಗಿಯೇ ಓಡಿಸುತ್ತಿದ್ದರು. ಅಷ್ಟರಲ್ಲಿ ಕಂಪನಿ, ಬರುವ ವರ್ಷ ಒಂದೇ ಕಾರು ಎಂದಿತು. ಕೊನೆಯ ರೇಸಿನಲ್ಲಿ ಇಬ್ಬರಲ್ಲಿ ಮುಂದೆ ಬಂದವನಿಗೆ ಕೆಲಸ, ಹಿಂದೆ ಉಳಿದವನು ಮನೆಗೆ. ರತೀಶನ ವಯಸ್ಸಿನವನನ್ನು ಬೇರೆ ತಂಡ ಕರೆಯುವ ಮಾತೇ ಇರಲಿಲ್ಲ.

"ಮೀನ್ ಗಾಡಿ ಓಡ್ಸುಕೆ ನಂಗ್ ನಾಚ್ಕಿ ಇಲ್ಲ ಮಾರಾಯಾ," ಎಂದು ಫೋನಿನಲ್ಲಿ ಹೇಳಿದ. "ಆದ್ರೆ ಇದ್ ಬಿಡುಕೆ ಮನ್ಸಿಲ್ಲ. ಹೆದ್ರಿಕಿ ಆತಿತ್ತ್."

ಅವನ ಬಾಯಿಂದ ಹೆದರಿಕೆ ಎಂಬ ಮಾತನ್ನು ಕೇಳಿದ್ದು ನಾನು ಅದೇ ಮೊದಲು.

ಕೊನೆಯ ರೇಸು ತಮಿಳುನಾಡಿನ ಒಂದು ಟ್ರ್ಯಾಕಿನಲ್ಲಿ. ಅಲ್ಲಿ ಉದ್ದನೆಯ ನೇರ ದಾರಿ ಮುಗಿಯುವ ಕಡೆ, ತಂತಿ ಬೇಲಿಯ ಆಚೆ ಒಂದು ಬೇವಿನ ಮರ. ಮರದ ಕೆಳಗೆ ತ್ರಿಶೂಲ ನೆಟ್ಟ ಸಣ್ಣ ಗುಡಿ.

ತಂಡದ ಇಂಜಿನಿಯರ್ ಪ್ರಣೀತಾ, ಬ್ರಹ್ಮಾವರದವಳು. ಕಾರು ಎಲ್ಲಿ ಎಷ್ಟು ವೇಗದಲ್ಲಿತ್ತು, ಕಾಲು ಎಲ್ಲಿ ಒತ್ತಿತು, ಎಲ್ಲಿ ತೆಗೆಯಿತು ಎಂಬುದೆಲ್ಲ ಅವಳ ಕಂಪ್ಯೂಟರಿನಲ್ಲಿ ಬರುತ್ತದೆ. ರತೀಶನ ಕಾಲು ಪ್ರತಿ ಸುತ್ತಿನಲ್ಲೂ ಬ್ರೇಕ್ ಹಿಡಿಯುವ ಜಾಗಕ್ಕಿಂತ ಬಹಳ ಮೊದಲೇ ಒಮ್ಮೆ ಮೇಲೇಳುತ್ತಿತ್ತು. ಅವಳು ಪೆಡಲ್ ಬದಲಿಸಿದಳು, ವೈರ್ ಬದಲಿಸಿದಳು. ಕೊನೆಗೆ ಕಾರಿನೊಳಗಿನ ಕ್ಯಾಮೆರಾ ಹಾಕಿ ನೋಡಿದಾಗ ಅವನ ಬಲಗೈ ಹೆಲ್ಮೆಟಿನ ಹಣೆಗೆ ಹೋಗಿ ಬರುವುದು ಕಂಡಿತು.

"ಹ್ವಾಯ್ ರತೀಶಣ್ಣ, ಅಲ್ ಯಾರಿಗ್ ಕೈ ಮುಗೂದ್ ನೀವ್?"

"ಅಲ್ಲೊಂದ್ ಗುಡಿ ಇತ್ತ್."

"ಯಾವ್ ದೇವ್ರ್?"

"ಗೊತ್ತಿಲ್ಲ. ಕೇಣುಕೆ ನಿಲ್ಸುಕ್ ಆಪುದಿಲ್ಲಲೆ."

ಪ್ರಣೀತಾ ನಗಲಿಲ್ಲ. ಅವಳ ಮಾವನೂ ಮಾರಣಕಟ್ಟೆ ದೇವಸ್ಥಾನದ ದ್ವಾರ ಕಂಡರೆ ಸ್ಟಿಯರಿಂಗ್ ಬಿಟ್ಟು ಕೈ ಮುಗಿಯುವವರೇ. ಪ್ರಖ್ಯಾತ್ ಅಲ್ಲಿ ಕಾಲು ತೆಗೆಯುವುದಿಲ್ಲ, ಇಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ ಎಂದು ಹೇಳಿದಳು. ರತೀಶ ಪ್ರಯತ್ನ ಮಾಡಿದ. ಗುಡಿ ಬಂದಾಗ ಕಾಲು ತಾನಾಗಿಯೇ ಏಳುತ್ತಿತ್ತು. ಪ್ರಣೀತಾ ನನಗೆ ಫೋನ್ ಮಾಡಿ, ನೀವಾದರೂ ಅವರಿಗೆ ಬುದ್ಧಿ ಹೇಳಿ ಎಂದಳು.

ನನ್ನ ಬುದ್ಧಿಯನ್ನು ಅವನು ಎಂದೂ ಕೇಳಿದವನಲ್ಲ. ಕಾಲು ತೆಗೆಯಬೇಡ ಎಂದು ಅವನಮ್ಮ, ನನ್ನ ಚಿಕ್ಕಿಯೇ ಹೇಳಿದರೆ ಕೇಳಿಯಾನು ಎಂದು ಕೋಡಿಗೆ ಹೋದೆ. ಜಲಜ ಚಿಕ್ಕಿ ಅಂಗಳದಲ್ಲಿ ಕುಳಿತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಎಲ್ಲ ಕೇಳಿದ ಮೇಲೆ ಕತ್ತಿ ಕೆಳಗಿಟ್ಟಳು.

"ನಿನ್ ಚಿಕ್ಕಪ್ಪ ಕಾಲ್ ತೆಗಿತಿದ್ದದ್ದ್ ಬೊಬ್ಬರ್ಯಂಗಲ್ಲ ಮಗಾ."

"ಮತ್ತೆ ಯಾರಿಗೆ?"

"ಗುಡಿ ಎದ್ರೇ ನಮ್ಮಮ್ಮನ್ ಮನಿ ಅಲ್ದಾ. ಮದಿ ಆಪು ಮುಂಚೆ ನಾ ಬುಟ್ಟಿ ಹಿಡ್ಕಂಡ್ ಅಲ್ಲೇ ನಿಂತ್ಕಂತಿದ್ದೆ. ನನ್ನ ಕಾಂಬುಕೆ ಗಾಡಿ ನಿಧಾನ ಮಾಡ್ತಿದ್ರ್. ನಿನ್ನಜ್ಜಿ ಕಂಡ್ರೆ ಬೈತ್ಲ್ ಅಂದೇಳಿ ಗುಡಿ ಬದಿಗ್ ಕೈ ಮುಗಿತಿದ್ರ್. ಅಜ್ಜಿ, ಇಂಥಾ ಭಕ್ತ ಮತ್ತ್ ಸಿಕ್ಕುದಿಲ್ಲ ಅಂದೇಳಿ ಹೆಣ್ಣೇ ಕೊಟ್ಲ್."

"ಮದಿ ಆದ್ಮೇಲೂ ತೆಗಿತಿದ್ರಲೆ?"

"ಬಿಟ್ರೆ ಅಜ್ಜಿಗ್ ಗೊತ್ತಾತಿತ್ತಲೆ."

ಇಷ್ಟು ಹೇಳಿ ಚಿಕ್ಕಿ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಹೋದ ದಿನವೂ ಅವಳು ನಮ್ಮೆದುರು ಅತ್ತಿರಲಿಲ್ಲ. ನಾನು ರತೀಶನಿಗೆ ಫೋನ್ ಹಚ್ಚಿ ಅವಳ ಕಿವಿಗೆ ಹಿಡಿದೆ. ಅವಳ ಕೈ ಮೀನಾಗಿತ್ತು.

ಅವಳು ಎಲ್ಲವನ್ನೂ ಅವನಿಗೂ ಹೇಳಿದಳು.

"ಇನ್ ಕಾಲ್ ತೆಗಿಬೇಡ," ಎಂದಳು ಚಿಕ್ಕಿ. "ಆ ಗುಡಿ ದೇವ್ರಿಗೆ ನಾನೇ ಬಂದ್ ಕಾಯಿ ಒಡಿತೆ."

ಮಗನ ಒಂದು ರೇಸನ್ನೂ ನೋಡದವಳು ಹೀಗೆ ಹೊರಟಳು. ಹೆದರಿಕೆಯಾಗುತ್ತದೆ ಎಂದು ಇಷ್ಟು ವರ್ಷ ಟಿವಿಯಲ್ಲಿ ಬಂದರೂ ಎದ್ದು ಹೋಗುತ್ತಿದ್ದಳು. ರೈಲಿನಲ್ಲಿ ತೆಂಗಿನಕಾಯಿಯ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ತಮಿಳುನಾಡಿನಲ್ಲಿಯೂ ತೆಂಗಿನಕಾಯಿ ಸಿಗುತ್ತದೆ ಎಂದು ನಾನು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಣೀತಾ ನಮಗೆ ನೆರಳಿನಲ್ಲಿ ಸೀಟು ಕೊಡಿಸಿದ್ದಳು. ಚಿಕ್ಕಿ, ಮೊದಲು ಗುಡಿ ಎಂದಳು. ಹೊರಗಿನ ರಸ್ತೆಯಲ್ಲಿ ಸುತ್ತು ಹಾಕಿ ಬೇವಿನ ಮರದ ಹತ್ತಿರ ಹೋಗಿ, ಕಾಯಿ ಒಡೆದು, ಕೈ ಮುಗಿಯುವಷ್ಟರಲ್ಲಿ ರೇಸು ಶುರುವಾಗಿಯೇಬಿಟ್ಟಿತು. ಇನ್ನು ಇಲ್ಲಿಂದಲೇ ನೋಡುವುದೆಂದು ಬೇಲಿಯ ಪಕ್ಕ ನಿಂತೆವು.

ಮೊದಲು ಪ್ರಖ್ಯಾತನ ಕಾರು ಬಂತು, ಅದರ ಬಾಲ ಹಿಡಿದು ರತೀಶನದು. ಮರದ ಹತ್ತಿರ ಬಂದಾಗ ರತೀಶನ ಇಂಜಿನ್ ಸದ್ದು ತಟ್ಟನೆ ಇಳಿಯಿತು. ಕೈ ಮೇಲೆ ಹೋಯಿತು. ಪ್ರಖ್ಯಾತ್ ಮುಂದಕ್ಕೆ ಹೋದ. ಮುಂದಿನ ಸುತ್ತಿನಲ್ಲೂ ಅದೇ.

ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟ್ ಹೇಳಿರೂ ತೆಗಿತ್ನಲೆ ಚಿಕ್ಕಿ. ಇವ್ನ್ ತಲಿಯಂಗ್ ಎಂತ ಇತ್ತ್?"

ಚಿಕ್ಕಿ ಒಮ್ಮೆ ಗುಡಿಯನ್ನು ನೋಡಿದಳು, ಒಮ್ಮೆ ದೂರದಿಂದಲೇ ಕಾಣುವ ತನ್ನ ಕೆಂಪು ಸೀರೆಯನ್ನು ನೋಡಿಕೊಂಡಳು.

"ಅವ ಗುಡಿ ಕಂಡ್ ತೆಗೂದಲ್ಲ ಅನೂಪ. ನನ್ನ ಕಂಡ್."

ಹಾಗೆಂದವಳೇ ಚೀಲ ಎತ್ತಿಕೊಂಡು ಗುಡಿಯ ಹಿಂದೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಸೆರಗಿನ ತುದಿ ಹೊರಗೆ ಕಾಣದ ಹಾಗೆ ಎಳೆದುಕೊಂಡಳು. ನನ್ನನ್ನೂ ಅಂಗಿ ಹಿಡಿದು ಕೂರಿಸಿದಳು.

ಮುಂದಿನ ಸುತ್ತಿನಲ್ಲಿ ಸದ್ದು ಇಳಿಯಲಿಲ್ಲ.

ಉಳಿದ ರೇಸು ಪೂರ್ತಿ ನಾವು ಗುಡಿಯ ಹಿಂದೆಯೇ ಇದ್ದೆವು. ಕಾಯಿಯ ಹೋಳಿಗೆ ಇರುವೆ ಹತ್ತುವುದನ್ನು ನೋಡಿದೆವು. ಪ್ರತಿ ಸಲ ಕಾರು ಹಾದುಹೋದಾಗ ಚಿಕ್ಕಿ "ತೆಗದ್ನಾ?" ಎನ್ನುವಳು, ನಾನು "ಇಲ್ಲ" ಎನ್ನುವೆ. ಮೈಕಿನ ತಮಿಳು ಇಬ್ಬರಿಗೂ ಅರ್ಥವಾಗಲಿಲ್ಲ. ಕೊನೆಗೆ ಪ್ರಣೀತಾಳ ಫೋನ್ ಬಂತು. ಕೊನೆಯ ಸುತ್ತಿನಲ್ಲಿ ರತೀಶ ಪ್ರಖ್ಯಾತನನ್ನು ಹಿಂದೆ ಹಾಕಿದ್ದ. ಕೆಲಸ ಉಳಿಯಿತು.

ರೇಸು ಮುಗಿದ ಮೇಲೆ ಕಾರುಗಳು ಇನ್ನೊಂದು ಸುತ್ತು ನಿಧಾನವಾಗಿ ಬರುತ್ತವೆ. ಆಗ ಚಿಕ್ಕಿ ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, ಹೋಗಿ ಬೇಲಿಯ ಪಕ್ಕ ನಿಂತಳು. ರತೀಶನ ಕಾರು ಬಂತು. ಕಾಲು ತೆಗೆದ. ಕೈ ಹಣೆಗೆ ಹೋಯಿತು.

ಸಂಜೆ ಪ್ರಣೀತಾ ಚಹಾ ತಂದುಕೊಟ್ಟು, "ಮಗನ್ ರೇಸ್ ಹ್ಯಾಂಗ್ ಕಂಡ್ತ್ ಅಮ್ಮಾ?" ಎಂದು ಕೇಳಿದಳು.

"ಗುಡಿ ಹಿಂದ್ ಕೂತ್ಕಂಡ್ ಶಬ್ದ ಪೂರಾ ಕೇಂಡೆ," ಎಂದಳು ಚಿಕ್ಕಿ. "ಎಲ್ಲೂ ನಿಧಾನ ಆಯ್ಲಿಲ್ಲ."